ತನ್ನ ಹಾಸಿಗೆಯನ್ನೇ ಅತಿಥಿಗೆ ಕೊಟ್ಟ ತಾಯಿ: ಸಂತ ಜೀನ್ ಜುಗಾನ್

ಅತಿಥಿ ಸತ್ಕಾರ ಎಂದ ಕೂಡಲೇ ನಮಗೆ ನೆನಪಾಗುವುದು ಹಬ್ಬದ ದಿನದ ಊಟ. ಬಂದವರಿಗೆ ಮೊದಲು ಕುಡಿಯಲು ನೀರು ಕೊಟ್ಟು, ಚಾಪೆ ಹಾಸಿ ಕೂರಿಸಿ, ಇದ್ದುದರಲ್ಲಿ ಒಳ್ಳೆಯದನ್ನು ಬಡಿಸುವುದು ನಮ್ಮ ನಾಡಿನ ಮನೆಮನೆಯ ರೂಢಿ. ಕ್ರೈಸ್ತರಾದ ನಮಗೆ ಇದು ಬರೀ ರೂಢಿಯಲ್ಲ, ವಿಶ್ವಾಸದ ಬಾಳಿನ ಒಂದು ಭಾಗ. ಮಮ್ರೆಯ ಮರಗಳ ಬಳಿ ಸುಡುಬಿಸಿಲಿನಲ್ಲಿ ಬಂದ ಮೂವರು ಅಪರಿಚಿತರನ್ನು ಪಿತಾಮಹ ಅಬ್ರಹಾಮನು ಓಡಿಹೋಗಿ ಎದುರುಗೊಂಡನು. ಅಪರಿಚಿತನನ್ನು ಮನೆಯೊಳಗೆ ಕರೆದೆವೋ ಇಲ್ಲವೋ ಎಂಬುದನ್ನು ಪ್ರಭು ಕಡೆಯ ನ್ಯಾಯತೀರ್ಪಿನಲ್ಲಿ ಕೇಳುವರೆಂದು ಸಂತ ಮತ್ತಾಯನ ಶುಭಸಂದೇಶ ನಮಗೆ ತಿಳಿಸುತ್ತದೆ.

ಆದರೆ ಈ ಮಾತನ್ನು ಇಂದಿನ ಬೆಂಗಳೂರಿನ ಧರ್ಮಕೇಂದ್ರಗಳಲ್ಲಿ ಬಾಳಿ ತೋರಿಸುವುದು ಹೇಗೆ? ನಗರದ ಪೂರ್ವ ಭಾಗದ ಗರುಡಾಚಾರ್‌ಪಾಳ್ಯವನ್ನೇ ನೋಡಿ. ಒಂದು ಕಾಲಕ್ಕೆ ಹಳ್ಳಿಯಾಗಿದ್ದ ಊರು ಇಂದು ಕೆ.ಆರ್. ಪುರ ಮತ್ತು ವೈಟ್‌ಫೀಲ್ಡ್ ನಡುವೆ ನಗರದೊಳಗೆ ಸೇರಿಹೋಗಿದೆ. 2023ರ ಮಾರ್ಚ್‌ನಲ್ಲಿ ಮೆಟ್ರೊ ರೈಲೂ ಅಲ್ಲಿಗೆ ಬಂದಿತು. ಕೆಲಸ ಅರಸಿ ಬಂದ ಕನ್ನಡ, ತಮಿಳು, ಮಲಯಾಳ, ತೆಲುಗು, ಕೊಂಕಣಿ, ಹಿಂದಿ ಮಾತನಾಡುವ ಜನ ಇಂಥ ಬಡಾವಣೆಗಳಲ್ಲಿ ಒಂದೇ ಬೀದಿಯಲ್ಲಿ ಬಾಳುತ್ತಾರೆ. ಭಾನುವಾರ ಒಂದೇ ಪೂಜೆಗೆ ಬಂದರೂ ಎಷ್ಟೋ ಜನರಿಗೆ ಪಕ್ಕದಲ್ಲಿ ಮೊಣಕಾಲೂರಿದವರ ಹೆಸರು ಗೊತ್ತಿರುವುದಿಲ್ಲ. ಊರಿನ ಮನೆಯನ್ನು ಬಿಟ್ಟು ಮಕ್ಕಳ ಜೊತೆ ನಾಲ್ಕನೇ ಮಹಡಿಯ ಮನೆಗೆ ಬಂದ ವೃದ್ಧ ತಂದೆತಾಯಂದಿರಂತೂ ದೇವಾಲಯದ ದಾರಿಯನ್ನೇ ಕಾಣದೆ ದಿನ ನೂಕುತ್ತಾರೆ. ಇವರೆಲ್ಲರೂ ನಮ್ಮ ಧರ್ಮಕೇಂದ್ರದ ಅತಿಥಿಗಳೇ? ಅಥವಾ ನಮ್ಮ ಮನೆಯವರೇ?

ಈ ಪ್ರಶ್ನೆಗೆ ಬೋಧನೆಗಿಂತ ಒಂದು ಬಾಳೇ ಒಳ್ಳೆಯ ಉತ್ತರ ಕೊಟ್ಟೀತು. ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ವೃದ್ಧಾಶ್ರಮವನ್ನು ನಮ್ಮಲ್ಲಿ ಅನೇಕರು ಬಲ್ಲರು. 1900ರಲ್ಲಿ ಆರಂಭವಾದ ಆ ಮನೆಯನ್ನು ನಡೆಸುವವರು ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್, ಅಂದರೆ ಬಡವರ ಕಿರಿಯ ಸಹೋದರಿಯರು. ಸಾಮಾನ್ಯವಾಗಿ ಕನ್ಯಾಸ್ತ್ರೀಯರು ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳನ್ನು ತೊಡುತ್ತಾರೆ. ಈ ಸಹೋದರಿಯರಿಗೆ ನಾಲ್ಕನೆಯದೊಂದು ವ್ರತವಿದೆ. ಅದೇ ಅತಿಥಿ ಸತ್ಕಾರದ ವ್ರತ. ಅದರ ಮೂಲವನ್ನು ಹುಡುಕುತ್ತಾ ಹೋದರೆ ನಾವು ಫ್ರಾನ್ಸ್ ದೇಶದ ಒಂದು ಬಡ ಬೆಸ್ತರ ಮನೆಯನ್ನು ತಲುಪುತ್ತೇವೆ.

ಬೆಸ್ತರ ಮನೆಯ ಮಗಳು

ಫ್ರಾನ್ಸ್‌ನ ಬ್ರಿಟನಿ ಪ್ರಾಂತ್ಯದ ಕಡಲತೀರದಲ್ಲಿ ಕಂಕಾಲ್ ಎಂಬ ಊರಿದೆ. ಅಲ್ಲಿ 1792ರ ಅಕ್ಟೋಬರ್ 25ರಂದು ಜೀನ್ ಜುಗಾನ್ ಹುಟ್ಟಿದರು. ಅದು ಫ್ರೆಂಚ್ ಕ್ರಾಂತಿಯ ಕಾಲ. ಗುರುಗಳು ತಲೆಮರೆಸಿಕೊಂಡು ತಿರುಗಬೇಕಾಗಿತ್ತು; ಮಕ್ಕಳು ಮನೆಗಳಲ್ಲಿಯೇ ಗುಟ್ಟಾಗಿ ಜಪ ಕಲಿಯಬೇಕಾಗಿತ್ತು. ಜೀನ್‌ಗೆ ನಾಲ್ಕು ವರ್ಷ ತುಂಬುವ ಮೊದಲೇ, ಮೀನು ಹಿಡಿಯಲು ಕಡಲಿಗೆ ಹೋದ ತಂದೆ ಹಿಂತಿರುಗಲಿಲ್ಲ. ತಾಯಿ ಕೂಲಿನಾಲಿ ಮಾಡಿ ಮಕ್ಕಳನ್ನು ಸಾಕಿದರು. ಬಾಲಕಿ ಜೀನ್ ದನ ಕಾಯುತ್ತಾ, ನೂಲುತ್ತಾ, ಜಪಸರ ಹಿಡಿದು ಬೆಳೆದಳು.

ಹದಿನಾರರ ಪ್ರಾಯದ ಹೊತ್ತಿಗೆ ಅವರು ಒಬ್ಬ ಸಿರಿವಂತ ಮಹಿಳೆಯ ಮನೆಯಲ್ಲಿ ಅಡುಗೆಯ ಕೆಲಸಕ್ಕೆ ಸೇರಿದರು. ಆ ಯಜಮಾನಿ ದೈವಭಕ್ತೆ. ಸುತ್ತಲಿನ ಬಡವರನ್ನೂ ರೋಗಿಗಳನ್ನೂ ನೋಡಲು ಹೋಗುವಾಗ ಈ ಹುಡುಗಿಯನ್ನೂ ಜೊತೆಗೆ ಕರೆದೊಯ್ಯುತ್ತಿದ್ದರು. ಬಡವರ ಮನೆಯೊಳಗೆ ಹೇಗೆ ಕಾಲಿಡಬೇಕು, ಅವರ ಮರ್ಯಾದೆಗೆ ಕುಂದು ಬಾರದಂತೆ ಹೇಗೆ ಕೊಡಬೇಕು ಎಂಬುದನ್ನು ಜೀನ್ ಕಲಿತದ್ದು ಅಲ್ಲಿಯೇ. ಒಬ್ಬ ತರುಣ ನಾವಿಕ ಮದುವೆಯ ಪ್ರಸ್ತಾಪ ತಂದಾಗ ಅವರು ಒಪ್ಪಲಿಲ್ಲ. ದೇವರು ತಮ್ಮನ್ನು ಬೇರೊಂದು ಕೆಲಸಕ್ಕೆ ಕರೆಯುತ್ತಿರುವರೆಂಬ ಭಾವನೆ ಅವರಲ್ಲಿ ಬೇರೂರಿತ್ತು. ಆದರೆ ಆ ಕೆಲಸ ಯಾವುದೆಂಬುದು ಆಗ ಅವರಿಗೇ ತಿಳಿದಿರಲಿಲ್ಲ.

1817ರಲ್ಲಿ, ಇಪ್ಪತ್ತೈದನೇ ವಯಸ್ಸಿನಲ್ಲಿ, ತಮ್ಮ ಒಳ್ಳೆಯ ಬಟ್ಟೆಗಳನ್ನು ಅಕ್ಕತಂಗಿಯರಿಗೆ ಕೊಟ್ಟು ಹತ್ತಿರದ ರೇವುಪಟ್ಟಣವಾದ ಸೇಂಟ್ ಸರ್ವಾನ್‌ಗೆ ನಡೆದರು. ಅಲ್ಲಿನ ಆಸ್ಪತ್ರೆಯಲ್ಲಿ ಆರು ವರ್ಷ ರೋಗಿಗಳ ಆರೈಕೆ ಮಾಡಿದರು. ಮೈ ಸೋತು ಬಳಲಿದಾಗ ಕುಮಾರಿ ಲೆಕಾಕ್ ಎಂಬ ಮಹಿಳೆಯ ಮನೆಗೆ ಕೆಲಸಕ್ಕೆ ಹೋದರು. ಹೆಸರಿಗೆ ಕೆಲಸದಾಕೆಯಾದರೂ ಅಲ್ಲಿ ಇಬ್ಬರೂ ಸಹೋದರಿಯರಂತೆ ಬಾಳಿದರು. ಜೊತೆಯಾಗಿ ಪೂಜೆಗೆ ಹೋಗುತ್ತಿದ್ದರು; ಮಕ್ಕಳಿಗೆ ಧರ್ಮೋಪದೇಶ ಕಲಿಸುತ್ತಿದ್ದರು; ಬಡವರನ್ನು ನೋಡಿಬರುತ್ತಿದ್ದರು. ಹೀಗೆ ಹನ್ನೆರಡು ವರ್ಷ ಕಳೆದ ಮೇಲೆ 1835ರಲ್ಲಿ ಲೆಕಾಕ್ ತೀರಿಕೊಂಡರು. ಜೀನ್ ಮತ್ತೆ ದಿನಗೂಲಿಯ ಹೆಂಗಸಾದರು. ಫ್ರಾನ್ಸ್ವಾಸ್ ಎಂಬ ವಯಸ್ಸಾದ ಗೆಳತಿಯೊಡನೆ ಮಹಡಿಯ ಮೇಲೆ ಎರಡು ಕೋಣೆಯ ಚಿಕ್ಕ ಮನೆಯನ್ನು ಬಾಡಿಗೆಗೆ ಹಿಡಿದರು. ವರ್ಜಿನಿ ಎಂಬ ಹದಿನೇಳರ ಅನಾಥ ಹುಡುಗಿಯೂ ಅವರೊಂದಿಗೆ ಸೇರಿಕೊಂಡಳು.

1839ರ ಚಳಿಗಾಲ

ಸೇಂಟ್ ಸರ್ವಾನ್ ಬಡವರ ಊರು. ಅಲ್ಲಿ ಕಡಲಿನ ಪಾಲಾದವರ ವಿಧವೆಯರಿದ್ದರು. ನೋಡಿಕೊಳ್ಳುವವರಿಲ್ಲದ ಮುದುಕಿಯರು ಬಾಗಿಲು ಬಾಗಿಲಿಗೆ ಹೋಗಿ ಬೇಡಿ ತಿನ್ನುತ್ತಿದ್ದರು. 1839ರ ಚಳಿಗಾಲದಲ್ಲಿ ಜೀನ್ ಅವರ ಕಣ್ಣಿಗೆ ಆನ್ ಶೋವಾಂ ಎಂಬ ವೃದ್ಧೆ ಬಿದ್ದರು. ಆಕೆಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ. ದೇಹದ ಒಂದು ಪಕ್ಕಕ್ಕೆ ಲಕ್ವ ಹೊಡೆದಿತ್ತು. ನೋಡಿಕೊಳ್ಳುತ್ತಿದ್ದ ಸಹೋದರಿಯೂ ಇಲ್ಲವಾಗಿ ಒಬ್ಬಂಟಿಯಾಗಿದ್ದರು.

ಜೀನ್ ಅವರಿಗೆ ಆಗ ನಲವತ್ತೇಳು ವರ್ಷ. ಕೈಯಲ್ಲಿ ಹಣವಿರಲಿಲ್ಲ, ಮನೆಯಲ್ಲಿ ಹೆಚ್ಚಿನ ಜಾಗವೂ ಇರಲಿಲ್ಲ. ಆದರೂ ಆ ವೃದ್ಧೆಯನ್ನು ಎತ್ತಿಕೊಂಡು ಇಕ್ಕಟ್ಟಾದ ಮೆಟ್ಟಿಲು ಹತ್ತಿ ಮನೆಗೆ ತಂದರು. ತಾವು ಮಲಗುತ್ತಿದ್ದ ಹಾಸಿಗೆಯಲ್ಲಿಯೇ ಆಕೆಯನ್ನು ಮಲಗಿಸಿದರು. ತಾವು ಅಟ್ಟಕ್ಕೆ ಹೋಗಿ ಮಲಗಿದರು.

ಈ ಘಟನೆಯಲ್ಲಿ ಒಂದು ಅಂಶವನ್ನು ಗಮನಿಸಬೇಕು. ಜೀನ್ ಅವರು ಒಂದು ಸಂಸ್ಥೆಯನ್ನು ಕಟ್ಟಲು ಹೊರಟಿರಲಿಲ್ಲ. ಕಟ್ಟಡ ನಿಧಿಗಾಗಿ, ಸಮಿತಿಯ ಒಪ್ಪಿಗೆಗಾಗಿ ಕಾಯಲಿಲ್ಲ. ಮನೆಯಲ್ಲಿ ಜಾಗ ಉಳಿದಾಗ ಕರೆಯೋಣ ಎಂದುಕೊಂಡಿದ್ದರೆ ಆನ್ ಶೋವಾಂ ಆ ಚಳಿಗಾಲವನ್ನು ದಾಟುತ್ತಿದ್ದರೋ ಇಲ್ಲವೋ. ಉಳಿದ ಜಾಗವಿಲ್ಲದ ಕಾರಣ ತಮ್ಮ ಜಾಗವನ್ನೇ ಕೊಟ್ಟರು. ಇಂದು ಹಲವು ದೇಶಗಳಲ್ಲಿರುವ ಒಂದು ದೊಡ್ಡ ಸೇವೆ ಆ ಒಂದು ಹಾಸಿಗೆಯಿಂದ ಆರಂಭವಾಯಿತು.

ಬೇಗನೆ ಎರಡನೆಯ ವೃದ್ಧೆ ಬಂದರು. ಆಕೆಯ ಹೆಸರು ಇಸಬೆಲ್. ಯಜಮಾನರು ಬಡವರಾದ ಮೇಲೂ ಆಕೆ ಅವರನ್ನು ಬಿಡದೆ, ತನ್ನ ಉಳಿತಾಯವನ್ನೆಲ್ಲ ಖರ್ಚುಮಾಡಿ, ಕೊನೆಗೆ ಅವರಿಗಾಗಿ ಬೇಡಿ ಸಾಕಿದ್ದ ನಿಷ್ಠಾವಂತ ಸೇವಕಿ. ಅವರು ತೀರಿಕೊಂಡಾಗ ಆಕೆಗೇ ದಿಕ್ಕಿಲ್ಲದಂತಾಗಿತ್ತು. ಜೀನ್ ಅವರು ಹಗಲಿನಲ್ಲಿ ಬಟ್ಟೆ ಒಗೆದು, ನೂತು ಸಂಪಾದಿಸಿ, ರಾತ್ರಿ ವೃದ್ಧೆಯರ ಸೇವೆ ಮಾಡುತ್ತಿದ್ದರು. ವರ್ಜಿನಿಯೂ ಆಕೆಯ ಗೆಳತಿ ಮರಿ ಜಾಮೆಯೂ ಜೊತೆಯಾದರು. ಊರಿನ ಸಹಾಯಕ ಗುರು ಲ ಪಯ್ಯೂರ್ ಅವರು ಈ ಪುಟ್ಟ ಗುಂಪಿಗೆ ಮಾರ್ಗದರ್ಶನ ನೀಡತೊಡಗಿದರು. 1841ರಲ್ಲಿ ಹಿಂದೆ ಹೆಂಡದಂಗಡಿಯಾಗಿದ್ದ ಒಂದು ಕಟ್ಟಡವನ್ನು ಬಾಡಿಗೆಗೆ ಹಿಡಿದು ಹನ್ನೆರಡು ಮಂದಿ ವೃದ್ಧೆಯರಿಗೆ ಆಶ್ರಯ ಕೊಟ್ಟರು. ಮರುವರ್ಷ ಹಳೆಯದೊಂದು ಕನ್ಯಾಮಠದ ಕಟ್ಟಡಕ್ಕೆ ಎಲ್ಲರೂ ಸಾಗಿದರು.

ಬುಟ್ಟಿ ಹಿಡಿದ ಕೈ

ಇಷ್ಟು ಮಂದಿಗೆ ಊಟ ಎಲ್ಲಿಂದ? ಆ ವೃದ್ಧೆಯರಿಗೆ ಗೊತ್ತಿದ್ದುದು ಬೇಡುವುದೊಂದೇ. ಅವರು ಮತ್ತೆ ಬೀದಿಗಿಳಿದು ಅವಮಾನ ಪಡುವುದನ್ನು ನೋಡಲಾರದೆ ಜೀನ್ ಅವರು ಒಂದು ತೀರ್ಮಾನಕ್ಕೆ ಬಂದರು. ಯಾವ ಯಾವ ಮನೆಯಲ್ಲಿ ಭಿಕ್ಷೆ ಸಿಗುತ್ತಿತ್ತೆಂದು ಆ ವೃದ್ಧೆಯರಿಂದಲೇ ಕೇಳಿ ತಿಳಿದು, ಅವರ ಬದಲಾಗಿ ತಾವೇ ಬುಟ್ಟಿ ಹಿಡಿದು ಆ ಬಾಗಿಲುಗಳಿಗೆ ಹೋದರು. ದುಡಿದು ತಿಂದು ಅಭ್ಯಾಸವಿದ್ದ ಆ ಸ್ವಾಭಿಮಾನಿ ಹೆಂಗಸಿಗೆ ಇದು ಸುಲಭವಾಗಿರಲಿಲ್ಲ. ಸಂತ ಜಾನ್ ಆಫ್ ಗಾಡ್ ಸಭೆಯ ಒಬ್ಬ ಸಹೋದರರು ಅವರಿಗೆ ಧೈರ್ಯ ತುಂಬಿದರು. ಹಣ, ರೊಟ್ಟಿ, ಹಳೆಯ ಬಟ್ಟೆ, ಉಳಿದ ತರಕಾರಿ, ಸೌದೆ, ಏನು ಕೊಟ್ಟರೂ ಕೃತಜ್ಞತೆಯಿಂದ ತೆಗೆದುಕೊಳ್ಳುತ್ತಿದ್ದರು.

ಒಮ್ಮೆ ಒಬ್ಬ ಸಿಡುಕಿನ ಮನುಷ್ಯ ಭಿಕ್ಷೆ ಕೊಡುವ ಬದಲು ಅವರ ಕೆನ್ನೆಗೆ ಹೊಡೆದನೆಂದು ಹೇಳುತ್ತಾರೆ. ಜೀನ್ ಅವರು ಸಿಟ್ಟಾಗದೆ, ಆ ಏಟು ತಮ್ಮ ಪಾಲಿಗೆ ಸಂದಿತೆಂದೂ ಇನ್ನು ತಮ್ಮ ಬಡವರ ಪಾಲನ್ನು ಕೊಡಬೇಕೆಂದೂ ವಿನಯದಿಂದ ಕೇಳಿಕೊಂಡರಂತೆ. ಮತ್ತೊಂದು ಪ್ರಸಂಗ ಆಂಜೇ ನಗರದ ಆಶ್ರಮದ್ದು. ಅಲ್ಲಿನ ವೃದ್ಧರು ಬೆಣ್ಣೆಯಿಲ್ಲದೆ ಒಣ ರೊಟ್ಟಿ ತಿನ್ನುತ್ತಿರುವುದನ್ನು ಅವರು ಕಂಡರು. ಕೂಡಲೇ ಬೆಣ್ಣೆಯ ಖಾಲಿ ಪಾತ್ರೆಗಳನ್ನು ತರಿಸಿ ಸಂತ ಜೋಸೆಫರ ಪ್ರತಿಮೆಯ ಮುಂದಿಟ್ಟು, ದೀಪ ಹಚ್ಚಿ, ವೃದ್ಧರಿಗೆ ಬೆಣ್ಣೆ ಕಳುಹಿಸುವಂತೆ ಬೇಡಿ ಒಂದು ಚೀಟಿಯನ್ನೂ ಅಲ್ಲಿಟ್ಟರು. ಬಂದವರು ನೋಡಿ ನಕ್ಕರೂ ಬೆಣ್ಣೆ ಬಂದಿತು. ವೃದ್ಧರ ಹೊಟ್ಟೆ ತುಂಬಿದರೆ ಸಾಕೆಂದು ಅವರು ಸುಮ್ಮನಾಗುತ್ತಿರಲಿಲ್ಲ. ತಮ್ಮ ಮನೆಯಲ್ಲಿ ಉಂಡಂತೆ ಅವರಿಗೆ ತೃಪ್ತಿಯಾಗಬೇಕು ಎಂಬುದು ಆ ತಾಯಿಯ ಆಸೆ.

ಅವರ ಸೇವೆ ಊರಿನ ದೊಡ್ಡವರ ಕಣ್ಣಿಗೂ ಬಿತ್ತು. ಅವರ ಮನವಿಯ ಮೇಲೆ 1845ರಲ್ಲಿ ಫ್ರೆಂಚ್ ಅಕಾಡೆಮಿಯು ಸದ್ಗುಣಕ್ಕಾಗಿ ಕೊಡುವ ಮಾಂಟಿಯಾನ್ ಬಹುಮಾನವನ್ನು ಜೀನ್ ಅವರಿಗೆ ನೀಡಿತು. ಮೂರು ಸಾವಿರ ಫ್ರಾಂಕುಗಳೂ ವೃದ್ಧರ ಖರ್ಚಿಗೇ ಹೋದವು. 1846ರಿಂದ ರೆನ್, ದಿನಾನ್, ಮುಂದೆ ಟೂರ್ ಹಾಗೂ ಆಂಜೇ ನಗರಗಳಲ್ಲಿ ಮನೆಗಳು ತೆರೆದವು.

ಸ್ಥಾನವನ್ನೂ ಬಿಟ್ಟುಕೊಟ್ಟರು

ಇಷ್ಟರಲ್ಲಿ ಅವರ ಬಾಳಿನಲ್ಲಿ ದೊಡ್ಡ ಶಿಲುಬೆಯೊಂದು ಬಂದಿತ್ತು. 1843ರ ಡಿಸೆಂಬರ್ 8ರಂದು ಸಹೋದರಿಯರು ಜೀನ್ ಅವರನ್ನು ಮತ್ತೆ ಮುಖ್ಯಸ್ಥೆಯಾಗಿ ಆರಿಸಿದ್ದರು. ಎರಡೇ ವಾರಗಳಲ್ಲಿ, ಕ್ರಿಸ್ತಜಯಂತಿಗೆ ಎರಡು ದಿನ ಮೊದಲು, ಗುರು ಲ ಪಯ್ಯೂರ್ ಅವರು ಆ ಚುನಾವಣೆಯನ್ನು ತಳ್ಳಿಹಾಕಿ ಇಪ್ಪತ್ಮೂರು ವರ್ಷದ ಮರಿ ಜಾಮೆಯನ್ನು ಮುಖ್ಯಸ್ಥೆಯಾಗಿ ನೇಮಿಸಿದರು. ಜೀನ್ ಅವರು ಎದುರು ಮಾತನಾಡದೆ ಬುಟ್ಟಿ ಹಿಡಿದು ಮತ್ತೆ ಬೀದಿಗೆ ಹೋದರು. 1852ರಲ್ಲಿ ರೆನ್‌ನ ಧರ್ಮಾಧ್ಯಕ್ಷರು ಈ ಸಭೆಗೆ ಮಾನ್ಯತೆ ನೀಡಿದಾಗ ಲ ಪಯ್ಯೂರ್ ಅವರು ಜೀನ್ ಅವರನ್ನು ಮಾತೃನಿಲಯಕ್ಕೆ ಕರೆಸಿ, ಇನ್ನು ಮುಂದೆ ಭಿಕ್ಷೆಗೂ ಹೋಗಬಾರದು, ದಾನಿಗಳೊಡನೆಯೂ ಸಂಬಂಧ ಇಟ್ಟುಕೊಳ್ಳಬಾರದು ಎಂದು ಆಜ್ಞೆ ಮಾಡಿದರು. ಆಗ ಅವರಿಗೆ ಅರವತ್ತರ ಹತ್ತಿರ ಹತ್ತಿರ.

ಅಲ್ಲಿಂದ ಮುಂದೆ ಇಪ್ಪತ್ತೇಳು ವರ್ಷ ಅವರು ಮರೆಯಲ್ಲಿ ಬಾಳಿದರು. 1856ರಲ್ಲಿ ಸೇಂಟ್ ಪೆರ್ನ್ ಎಂಬ ಹಳ್ಳಿಯ ಬಳಿಯ ಹೊಸ ಮಾತೃನಿಲಯಕ್ಕೆ ಬಂದು, ಎಳೆಯ ನವಶಿಷ್ಯೆಯರ ನಡುವೆ ಶಿಲುಬೆಯ ಸಹೋದರಿ ಮರಿಯ ಎಂಬ ಹೆಸರಿನಿಂದ ಉಳಿದರು. ಕೋಲೂರಿಕೊಂಡು ನಡೆಯುತ್ತಿದ್ದ ಈ ಹಿರಿಯ ಸಹೋದರಿಯೇ ಸಭೆಯನ್ನು ಹುಟ್ಟುಹಾಕಿದವರೆಂದು ಆ ಹುಡುಗಿಯರಲ್ಲಿ ಬಹಳ ಮಂದಿಗೆ ತಿಳಿದಿರಲಿಲ್ಲ. ಲ ಪಯ್ಯೂರ್ ಅವರೇ ಸ್ಥಾಪಕರೆಂದು ಅವರಿಗೆ ಕಲಿಸಲಾಗುತ್ತಿತ್ತು. ಜೀನ್ ಅವರು ಹೊಸಬರನ್ನು ಅಕ್ಕರೆಯಿಂದ ಬರಮಾಡಿಕೊಂಡು, ಬಡವರನ್ನು ಪ್ರೀತಿಸುವ ಬಗೆಯನ್ನು ಕಲಿಸುತ್ತಿದ್ದರು. 1865ರಲ್ಲಿ ಒಂದು ಸಲ ಮಾತ್ರ ಅವರನ್ನು ಆಡಳಿತ ಸಭೆಗೆ ಕರೆದು, ನಿಗದಿತ ಆದಾಯ ತರುವ ಆಸ್ತಿಯನ್ನು ಸ್ವೀಕರಿಸಬಹುದೇ ಎಂದು ಅಭಿಪ್ರಾಯ ಕೇಳಲಾಯಿತು. ಬಡವರ ಮನೆ ದೇವರ ಕೃಪೆಯನ್ನೂ ಜನರ ದಾನವನ್ನೂ ನಂಬಿ ನಡೆಯಬೇಕೆಂಬುದು ಅವರ ಅಭಿಪ್ರಾಯ. ಸಭೆಯೂ ಹಾಗೆಯೇ ತೀರ್ಮಾನಿಸಿತು.

1879ರ ಆಗಸ್ಟ್ 29ರಂದು, ಎಂಬತ್ತಾರನೇ ವಯಸ್ಸಿನಲ್ಲಿ ಅವರು ಪ್ರಭುವಿನ ಪಾದ ಸೇರಿದರು. ಆ ಹೊತ್ತಿಗೆ ಸಭೆಯಲ್ಲಿ 2,400 ಸಹೋದರಿಯರೂ 177 ಮನೆಗಳೂ ಇದ್ದವು. 1890ರಲ್ಲಿ ರೋಮ್ ವಿಚಾರಣೆ ನಡೆಸಿ ಲ ಪಯ್ಯೂರ್ ಅವರನ್ನು ಅಧಿಕಾರದಿಂದ ಇಳಿಸಿತು. ಮುಚ್ಚಿಹೋಗಿದ್ದ ಸತ್ಯ ಮೆಲ್ಲಮೆಲ್ಲನೆ ಹೊರಬಂದಿತು. ಜಗದ್ಗುರು ಎರಡನೇ ಜಾನ್ ಪಾಲ್ ಅವರು 1982ರ ಅಕ್ಟೋಬರ್ 3ರಂದು ಜೀನ್ ಅವರನ್ನು ಧನ್ಯರೆಂದು ಘೋಷಿಸಿದರು. 2009ರ ಅಕ್ಟೋಬರ್ 11ರಂದು ಜಗದ್ಗುರು ಹದಿನಾರನೇ ಬೆನೆಡಿಕ್ಟ್ ಅವರು ಸಂತ ಪದವಿಗೇರಿಸಿದರು. ಕುಷ್ಠರೋಗಿಗಳ ಸೇವಕ ಫಾದರ್ ಡೇಮಿಯನ್ ಅವರಿಗೂ ಅದೇ ದಿನ ಸಂತ ಪದವಿ ದೊರೆಯಿತು.

ಅವರ ಬಾಳು ನಮಗೆ ಕಲಿಸುವುದೇನು?

ಅವರಿಗೆ ಆದ ಅನ್ಯಾಯ ಅನ್ಯಾಯವೇ. ಧರ್ಮಸಭೆಯೂ ಅದನ್ನು ತಡವಾಗಿಯಾದರೂ ಸರಿಪಡಿಸಿತು. ಯಾರಿಗೂ ಹಾಗೆ ಮಾಡಬಹುದೆಂದು ಈ ಬಾಳಿನಿಂದ ಕಲಿಯಬೇಕಾಗಿಲ್ಲ. ನಾವು ಕಲಿಯಬೇಕಾದದ್ದು ಬೇರೆ. 1839ರಲ್ಲಿ ಹಾಸಿಗೆಯನ್ನು ಬಿಟ್ಟುಕೊಟ್ಟಾಗ ಇದ್ದ ಮನಸ್ಸೇ ಮುಂದೆ ಅವರನ್ನು ಕಹಿಯಾಗದಂತೆ ಕಾಪಾಡಿತು. ಆ ಮನೆ ತನ್ನದೆಂದು ಅವರು ಎಣಿಸಿರಲಿಲ್ಲ. ಅದು ಬಡವರದು, ದೇವರದು. ಆದ್ದರಿಂದ ಮನೆಯೊಳಗೆ ತಮ್ಮ ಸ್ಥಾನ ಕಿರಿದಾದರೂ ಬಂದವರನ್ನು ಪ್ರೀತಿಯಿಂದ ಕಾಣುವುದನ್ನು ಬಿಡಲಿಲ್ಲ.

ನಮ್ಮ ಧರ್ಮಕೇಂದ್ರಗಳಲ್ಲಿ ಸ್ವಾಗತ ಸೋಲುವುದು ಇಲ್ಲಿಯೇ. ಹೊಸಬರಿಗೆ ನಗುಮುಖ ತೋರಿಸಲು ನಮಗೆ ಕಷ್ಟವಿಲ್ಲ. ಆದರೆ ಅವರು ನಾವು ವರ್ಷಗಳಿಂದ ಕೂರುತ್ತಿದ್ದ ಬೆಂಚಿನಲ್ಲಿ ಕುಳಿತರೆ ಮುಖ ಗಂಟಾಗುತ್ತದೆ. ಗಾಯನವೃಂದದಲ್ಲಿ, ಹಬ್ಬದ ಸಮಿತಿಯಲ್ಲಿ, ಪಾಲನಾ ಸಮಿತಿಯಲ್ಲಿ ಅವರಿಗೊಂದು ಜಾಗ ಕೇಳಿದರೆ, ಮೊದಲಿನಿಂದ ಇದ್ದವರು ನಾವಲ್ಲವೇ ಎಂಬ ಮಾತು ಬರುತ್ತದೆ. ಭಾಷೆಯ ಹೆಸರಿನಲ್ಲಿ, ಊರಿನ ಹೆಸರಿನಲ್ಲಿ ಗುಂಪುಗಳಾಗುತ್ತವೆ. ಕನ್ನಡದ ಪೂಜೆಗೆ ಬರುವ ಪರಭಾಷಿಕರಿಗೆ ಹಾಡಿನ ಪುಸ್ತಕದ ಪುಟ ತೋರಿಸಿ ಜೊತೆಗೆ ಹಾಡಿಸುವುದೂ ಸತ್ಕಾರವೇ. ಬಂದವರು ಈ ನೆಲದ ಭಾಷೆಯನ್ನು ಪ್ರೀತಿಯಿಂದ ಕಲಿಯುವುದು ಆ ಸತ್ಕಾರಕ್ಕೆ ಅವರು ಕೊಡುವ ಮರ್ಯಾದೆ.

ದೊಡ್ಡ ಯೋಜನೆಗಳಿಗಾಗಿ ಕಾಯಬೇಕಾಗಿಲ್ಲ. ಹೊಸ ಕುಟುಂಬ ಬಂದ ವಾರದಲ್ಲಿಯೇ ಅದೇ ಬೀದಿಯ ಒಂದು ಕುಟುಂಬ ಹೋಗಿ ಮಾತನಾಡಿಸಿ ಬರಲಿ. ಪೂಜೆಯ ವೇಳೆ, ಮಕ್ಕಳ ಧರ್ಮೋಪದೇಶದ ವೇಳೆ ತಿಳಿಸಲಿ. ಮಹಡಿ ಇಳಿಯಲಾರದ ವೃದ್ಧರ ಹೆಸರನ್ನು ಗುರುಗಳಿಗೆ ತಿಳಿಸಿದರೆ ಪರಮಪ್ರಸಾದ ಅವರ ಮನೆಗೇ ಬರುತ್ತದೆ. ನಡೆಯಬಲ್ಲವರನ್ನು ಭಾನುವಾರ ನಮ್ಮ ಬೈಕಿನಲ್ಲೋ ಆಟೊದಲ್ಲೋ ಕರೆತರಬಹುದು. ಒಬ್ಬಂಟಿಯಾಗಿ ಬಾಡಿಗೆ ಕೋಣೆಯಲ್ಲಿ ಇರುವ ಯುವಕ ಯುವತಿಯರನ್ನು ಕ್ರಿಸ್ತಜಯಂತಿಯ ಊಟಕ್ಕೆ ಕರೆಯಬಹುದು. ನಮ್ಮ ಮನೆಯ ಹಿರಿಯರನ್ನು ಮೂಲೆಯ ಕೋಣೆಗೆ ಸೇರಿಸದೆ, ಸಂಜೆಯ ಜಪಸರವನ್ನು ಅವರಿಂದಲೇ ಆರಂಭಿಸುವುದೂ ಈ ಸಂತರಿಗೆ ಮೆಚ್ಚಿಗೆಯಾಗುವ ಕೆಲಸ.

ಸಂತ ಜೀನ್ ಜುಗಾನ್ ಅವರ ಹಬ್ಬ ಆಗಸ್ಟ್ 30ರಂದು ಬರುತ್ತದೆ. ಮರುವಾರವೇ ಸೆಪ್ಟೆಂಬರ್ 8ರಂದು ಶಿವಾಜಿನಗರದ ಮರಿಯಮ್ಮನವರ ಹಬ್ಬ. ಜಾತಿಮತ ನೋಡದೆ ಸಾವಿರಾರು ಜನರು ಅಲ್ಲಿಗೆ ಬರುತ್ತಾರೆ. ತಾಯಿ ಯಾರನ್ನೂ ನೀನು ಯಾರವನು ಎಂದು ಕೇಳುವುದಿಲ್ಲ. ಈ ಎರಡು ಹಬ್ಬಗಳ ನಡುವಿನ ದಿನಗಳಲ್ಲಿ ಪ್ರತಿ ಕುಟುಂಬವೂ ತನ್ನ ಬೀದಿಯ ಒಬ್ಬ ಅಪರಿಚಿತರನ್ನೋ ಒಬ್ಬ ವೃದ್ಧರನ್ನೋ ಪ್ರಭುವಿನ ಹೆಸರಿನಲ್ಲಿ ಮನೆಗೆ ಕರೆಯಲಿ. ಮನೆ ಚಿಕ್ಕದೆಂದು ಹಿಂಜರಿಯುವುದು ಬೇಡ. ಸೇಂಟ್ ಸರ್ವಾನ್‌ನ ಆ ಮನೆಯೂ ಚಿಕ್ಕದೇ ಆಗಿತ್ತು.